ಗಣಕಕ್ಕೊಂದು ಒರೆಗಲ್ಲು

ಜೂನ್ ತಿಂಗಳಲ್ಲಿ ಶಾಲೆ-ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ಉಮರ್ಗಾ, ನಿಲಂಗಾ, ಉದಗಿರ ಭಾಗದ ಅನೇಕ ಮನೆಗಳಲ್ಲಿ ಈಗ ಒಂದು ಹೊಸ ಖರ್ಚಿನ ಮಾತು ನಡೆಯುತ್ತದೆ. ಹತ್ತನೆಯ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿದ ಮಗನೋ ಮಗಳೋ ಪಾಲಿಟೆಕ್ನಿಕ್ಕಿಗೆ ಅಥವಾ ವಿಜ್ಞಾನ ಶಾಖೆಗೆ ಹೊರಟಿರುತ್ತಾರೆ. ಅವರಿಗೊಂದು ಲ್ಯಾಪ್‌ಟಾಪ್ ಬೇಕು. ಸೋಯಾಬೀನ್ ಮಾರಿ ಉಳಿಸಿದ ಹಣ ಪಾಲಕರ ಕೈಯಲ್ಲಿದೆ. ಅಂಗಡಿಯವರು ಎರಡು ಯಂತ್ರಗಳನ್ನು ಮುಂದಿಡುತ್ತಾರೆ. ಒಂದರ ಮೇಲೆ ‘ಕೋರ್ ಐ7’ ಎಂಬ ಚೀಟಿ, ಇನ್ನೊಂದರ ಮೇಲೆ ‘ಕೋರ್ ಐ3’. ಏಳು ಮೂರಕ್ಕಿಂತ ದೊಡ್ಡದು. ಹಾಗಾದರೆ ಮೊದಲನೆಯದೇ ವೇಗದ ಯಂತ್ರವಲ್ಲವೇ? ಈ ಸರಳ ತರ್ಕವನ್ನು ನಂಬಿದರೆ ಒಂದು ಹಂಗಾಮಿನ ದುಡಿಮೆ ಹಳೆಯ ಯಂತ್ರವೊಂದರ ಪಾಲಾಗಬಹುದು. ಗಣಕದ ವೇಗವನ್ನು ಅಳೆಯುವುದು ಹೇಗೆ, ಅಳೆದವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಬಂಗಾರ ಕೊಳ್ಳುವಾಗ ನಾವು ಇಷ್ಟು ಅವಸರ ಮಾಡುವುದಿಲ್ಲ. ಸರಾಫರು ಒಡವೆಯನ್ನು ಕರಿಯ ಒರೆಗಲ್ಲಿನ ಮೇಲೆ ಉಜ್ಜಿ ಒಂದು ಗೆರೆ ಎಳೆಯುತ್ತಾರೆ. ಎಷ್ಟು ಕ್ಯಾರೆಟ್ಟಿನದೆಂದು ಮೊದಲೇ ಗೊತ್ತಿರುವ ಬಂಗಾರದ ಗೆರೆಯನ್ನು ಅದರ ಪಕ್ಕದಲ್ಲಿ ಎಳೆದು ಎರಡನ್ನೂ ಹೋಲಿಸುತ್ತಾರೆ. ಕಲ್ಲು ಒಂದೇ, ಉಜ್ಜುವ ರೀತಿ ಒಂದೇ, ಹೋಲಿಕೆಗೆ ಇಟ್ಟ ಬಂಗಾರ ಪರಿಚಿತ. ಈ ಮೂರೂ ಕೂಡಿದರೆ ಮಾತ್ರ ಅದು ಪರೀಕ್ಷೆ. ಗಣಕಶಾಸ್ತ್ರದಲ್ಲಿ ‘ಬೆಂಚ್‌ಮಾರ್ಕ್’ ಎಂದು ಕರೆಯುವುದು ಇಂಥ ಒರೆಗಲ್ಲನ್ನೇ. ಒಂದೇ ಕೆಲಸವನ್ನು, ಒಂದೇ ನಿಯಮದಲ್ಲಿ, ಬೇರೆ ಬೇರೆ ಪ್ರೊಸೆಸರುಗಳಿಂದ ಮಾಡಿಸಿ, ಹಿಡಿದ ಸಮಯವನ್ನು ಒಂದು ಪರಿಚಿತ ಯಂತ್ರದ ಸಮಯಕ್ಕೆ ಹೋಲಿಸುವುದೇ ಅದರ ಸಾರ.

ಸಮಾನ ಅಳತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಭಾಗದ ಹಿರಿಯರಿಗೆ ಚೆನ್ನಾಗಿ ಗೊತ್ತು. ಅಜ್ಜಂದಿರ ಕಾಲದಲ್ಲಿ ‘ಸೇರು’ ಎಂಬ ಹೆಸರು ಎಲ್ಲೆಡೆ ಒಂದೇ ಇತ್ತು. ಅದರಲ್ಲಿ ಹಿಡಿಯುವ ಕಾಳು ಮಾತ್ರ ಊರಿಂದ ಊರಿಗೆ ಬೇರೆಯಾಗುತ್ತಿತ್ತು. ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಸಂಸತ್ತು ತೂಕ ಮತ್ತು ಅಳತೆಗಳ ಪ್ರಮಾಣ ಕಾಯ್ದೆಯನ್ನು ಮಾಡಿದ್ದು 1956ರಲ್ಲಿ. ಅದೇ ವರ್ಷದ ನವೆಂಬರ್ 1ರಂದು ಉದಗಿರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. ನೆಲದ ಮೇಲೆ ಹೊಸ ಗಡಿ ಬಂತು, ತಕ್ಕಡಿಯ ಗಡಿ ಅಳಿಯಿತು. ಇಂದು ಬೀದರಿನಲ್ಲಿ ತೂಗಿದ ಒಂದು ಕ್ವಿಂಟಲ್ ತೊಗರಿ ಉದಗಿರದ ಅಡತಿ ಅಂಗಡಿಯಲ್ಲಿಯೂ ಒಂದು ಕ್ವಿಂಟಲ್ಲೇ.

ಗಣಕದ ವೇಗಕ್ಕೆ ಮಾತ್ರ ಅಂಥ ಕಿಲೋ ಇಲ್ಲ. ಕಾಳಿನ ತೂಕ ಅದನ್ನು ತೂಗುವವರ ಉದ್ದೇಶದಿಂದ ಬದಲಾಗುವುದಿಲ್ಲ. ಗಣಕದ ವೇಗವಾದರೋ ಅದಕ್ಕೆ ಒಪ್ಪಿಸಿದ ಕೆಲಸದಿಂದ ಬದಲಾಗುತ್ತದೆ. ಚಿತ್ರ ಬಿಡಿಸುವುದರಲ್ಲಿ ಮುಂದಿರುವ ಯಂತ್ರ ಲೆಕ್ಕ ಬಿಡಿಸುವುದರಲ್ಲಿ ಹಿಂದೆ ಬೀಳಬಹುದು. ಈ ಶಾಸ್ತ್ರದ ತೊಡಕು, ಸ್ವಾರಸ್ಯ ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಹೆಜ್ಜೆಯ ಎಣಿಕೆ ಸಾಲದು

ಪ್ರೊಸೆಸರಿನ ಮೇಲೆ ಬರೆದಿರುವ ‘ಗಿಗಾಹರ್ಟ್ಸ್’ ಎಂಬುದು ಅದರ ಬಡಿತದ ಎಣಿಕೆ. 2 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 200 ಕೋಟಿ ಬಡಿತ. ಆದರೆ ಒಂದು ಬಡಿತದಲ್ಲಿ ಎಷ್ಟು ಕೆಲಸವಾಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಎರಡು ಎತ್ತುಗಳು ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು ಮಾತ್ರ ಎಣಿಸಿದರೆ ಯಾವುದು ಮೊದಲು ಹೊಲ ಮುಟ್ಟುತ್ತದೆಂದು ಹೇಳಲಾಗದು; ಹೆಜ್ಜೆಯ ಉದ್ದವನ್ನೂ ನೋಡಬೇಕು. 2006ರಲ್ಲಿ ಇಂಟೆಲ್ ಕಂಪನಿಯ ಕೋರ್ 2 ಡ್ಯುಯೊ ಬಂದಾಗ ಇದು ಜಗತ್ತಿಗೇ ಮನವರಿಕೆಯಾಯಿತು. 2.4 ಗಿಗಾಹರ್ಟ್ಸ್ ಬಡಿತದ ಆ ಪ್ರೊಸೆಸರು, 3 ಗಿಗಾಹರ್ಟ್ಸ್ ಮೀರಿದ ಅದೇ ಕಂಪನಿಯ ಪೆಂಟಿಯಂ 4ಗಳನ್ನು ಬಹುತೇಕ ಪರೀಕ್ಷೆಗಳಲ್ಲಿ ಹಿಂದೆ ಹಾಕಿತು.

‘ಕೋರ್’ಗಳ ಸಂಖ್ಯೆಯೂ ಹೀಗೆಯೇ. ಕೋರ್ ಎಂದರೆ ಪ್ರೊಸೆಸರಿನೊಳಗೆ ದುಡಿಯುವ ಒಬ್ಬ ಆಳು ಎಂದುಕೊಳ್ಳಿರಿ. ಒಬ್ಬ ಆಳಿಗೆ ಸೋಯಾಬೀನ್ ಕೊಯ್ಯಲು 6 ತಾಸು ಬೇಕು. ರಾಶಿಯ ಯಂತ್ರಕ್ಕೆ 4 ತಾಸು ಬೇಕು. ಯಂತ್ರ ಇರುವುದು ಒಂದೇ. ಕೊಯ್ಲು ಮುಗಿಯದೆ ರಾಶಿ ಆರಂಭವಾಗದು. ಒಟ್ಟು 10 ತಾಸಿನ ಕೆಲಸ. ಆರು ಆಳುಗಳನ್ನು ಹಚ್ಚಿದರೆ ಕೊಯ್ಲು 1 ತಾಸಿಗೆ ಇಳಿದು ಒಟ್ಟು 5 ತಾಸಾಗುತ್ತದೆ. ಆಳು ಆರು ಪಟ್ಟು, ಲಾಭ ಎರಡೇ ಪಟ್ಟು. ಅರವತ್ತು ಆಳು ಬಂದರೂ ಒಟ್ಟು ಸಮಯ 4 ತಾಸಿಗಿಂತ ಕೆಳಗೆ ಇಳಿಯದು. ಗಣಕತಜ್ಞ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಿಚಾರ ಇದೇ; ಇಂದು ಅದನ್ನು ಆಮ್ಡಾಲ್ ನಿಯಮ ಎಂದು ಕರೆಯುತ್ತಾರೆ. ಆದ್ದರಿಂದ ಬಡಿತವನ್ನಾಗಲಿ ಆಳುಗಳನ್ನಾಗಲಿ ಎಣಿಸಿದರೆ ಸಾಲದು. ಕೆಲಸ ಕೊಟ್ಟು ಗಡಿಯಾರ ನೋಡಬೇಕು.

ಸಾಣೆಕಲ್ಲಿನಿಂದ ಸ್ಪೆಕ್‌ವರೆಗೆ

ಯಾವ ಕೆಲಸ ಕೊಡಬೇಕು? 1972ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಕರ್ನೋ ಮತ್ತು ಬ್ರಯನ್ ವಿಚ್‌ಮನ್ ಇದಕ್ಕೆ ಒಂದು ಉತ್ತರ ರೂಪಿಸಿದರು. ವಿಜ್ಞಾನಿಗಳು ಬರೆಯುವ ಪ್ರೋಗ್ರಾಮುಗಳಲ್ಲಿ ಕೂಡುವುದು, ಗುಣಿಸುವುದು, ಹೋಲಿಸುವುದು ಎಷ್ಟೆಷ್ಟು ಪ್ರಮಾಣದಲ್ಲಿರುತ್ತವೆ ಎಂಬುದನ್ನು ನೋಡಿ, ಅದೇ ಪ್ರಮಾಣದ ಒಂದು ಕೃತಕ ಪ್ರೋಗ್ರಾಮ್ ಹೆಣೆದರು. ಅದರ ಹೆಸರು ‘ವೆಟ್‌ಸ್ಟೋನ್’. ಈ ವಿಶ್ಲೇಷಣೆಗೆ ಆಧಾರವಾದ ಭಾಷಾಂತರಕ ತಂತ್ರಾಂಶ ಸಿದ್ಧವಾದ ಹಳ್ಳಿಯ ಹೆಸರೇ ಪರೀಕ್ಷೆಗೆ ಬಂತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಸಾಣೆಕಲ್ಲು ಎಂಬ ಅರ್ಥವೂ ಇದೆ. ಉಚ್ಚಾರದಲ್ಲಿ ಅದು ‘ಒದ್ದೆ ಕಲ್ಲು’ ಎಂಬಂತೆ ಕೇಳಿಸುವುದರಿಂದ, 1984ರಲ್ಲಿ ರೈನ್‌ಹೋಲ್ಡ್ ವೈಕರ್ ತಮ್ಮ ಪರೀಕ್ಷೆಗೆ ವಿನೋದದಿಂದ ‘ಒಣ ಕಲ್ಲು’ ಎಂಬ ಧ್ವನಿಯ ‘ಡ್ರೈಸ್ಟೋನ್’ ಎಂಬ ಹೆಸರಿಟ್ಟರು. ಡಿಜಿಟಲ್ ಕಂಪನಿಯ ವ್ಯಾಕ್ಸ್ 11/780 ಯಂತ್ರ ಸೆಕೆಂಡಿಗೆ 1757 ಸಲ ಡ್ರೈಸ್ಟೋನ್ ಓಡಿಸುತ್ತಿತ್ತು. ಅದನ್ನೇ ‘ಒಂದು’ ಎಂದು ಹಿಡಿದು ಉಳಿದ ಯಂತ್ರಗಳನ್ನು ಅಳೆದರು. ಸರಾಫರ ಪರಿಚಿತ ಬಂಗಾರದ ಗೆರೆಯಂತೆ ಇದು ಗಣಕಲೋಕದ ಪರಿಚಿತ ಗೆರೆಯಾಯಿತು.

ಇಂಥ ಪುಟ್ಟ ಕೃತಕ ಪರೀಕ್ಷೆಗಳಿಂದ ಯಂತ್ರದ ಪೂರ್ಣ ಯೋಗ್ಯತೆ ತಿಳಿಯದು ಎಂಬುದು ಬೇಗನೆ ಅರಿವಾಯಿತು. 1988ರಲ್ಲಿ ಗಣಕ ತಯಾರಕರೇ ಕೂಡಿ ‘ಸ್ಪೆಕ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಕೃತಕ ಪ್ರೋಗ್ರಾಮ್ ಬೇಡ, ಜನ ನಿಜವಾಗಿ ಬಳಸುವ ಬಗೆಯ ಪ್ರೋಗ್ರಾಮುಗಳನ್ನೇ ಓಡಿಸೋಣ ಎಂಬುದು ಅದರ ನಿಲುವು. ಅದರ 2017ರ ಸಂಪುಟದಲ್ಲಿ 43 ಪರೀಕ್ಷೆಗಳಿವೆ. ಚದುರಂಗದ ನಡೆ ಹುಡುಕುವುದು, ಸುಡೊಕು ಒಗಟು ರಚಿಸುವುದು, ವಿಡಿಯೊ ಸಂಕುಚಿಸುವುದು ಮುಂತಾದವು ಅದರಲ್ಲಿ ಸೇರಿವೆ. ಪರೀಕ್ಷೆಯನ್ನು ಮೂರು ಸಲ ಓಡಿಸಿದರೆ ನಡುವಿನ ಸಮಯವನ್ನು, ಎರಡೇ ಸಲ ಓಡಿಸಿದರೆ ನಿಧಾನವಾದುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮವಿದೆ. ಒಮ್ಮೆ ಅದೃಷ್ಟದಿಂದ ಬಂದ ಉತ್ತಮ ಸಮಯಕ್ಕೆ ಅಲ್ಲಿ ಬೆಲೆಯಿಲ್ಲ.

ಅನೇಕ ಪರೀಕ್ಷೆಗಳ ಫಲವನ್ನು ಒಂದು ಅಂಕೆಗೆ ತರುವುದರಲ್ಲಿ ಗಣಿತದ ಒಂದು ಬಲೆ ಅಡಗಿದೆ. ಹೈಸ್ಕೂಲಿನ ಮಕ್ಕಳು ಇದನ್ನು ಕಾಗದದ ಮೇಲೆ ಬಿಡಿಸಿ ನೋಡಬೇಕು. ‘ಕ’ ಎಂಬ ಗಣಕ ಮೊದಲನೆಯ ಕೆಲಸವನ್ನು 10 ಸೆಕೆಂಡಿನಲ್ಲಿ, ಎರಡನೆಯದನ್ನು 20 ಸೆಕೆಂಡಿನಲ್ಲಿ ಮುಗಿಸುತ್ತದೆ. ‘ಖ’ ಗಣಕಕ್ಕೆ ಮೊದಲನೆಯದಕ್ಕೆ 20, ಎರಡನೆಯದಕ್ಕೆ 10 ಸೆಕೆಂಡು ಬೇಕು. ‘ಕ’ದ ವೇಗವನ್ನು 1 ಎಂದು ಹಿಡಿದರೆ ‘ಖ’ದ ವೇಗ ಒಂದರಲ್ಲಿ 0.5, ಇನ್ನೊಂದರಲ್ಲಿ 2. ಸಾಧಾರಣ ಸರಾಸರಿ 1.25. ಹಾಗಾದರೆ ‘ಖ’ ಕಾಲುಭಾಗ ಹೆಚ್ಚು ವೇಗದ್ದು! ಈಗ ‘ಖ’ದ ವೇಗವನ್ನು 1 ಎಂದು ಹಿಡಿಯಿರಿ. ‘ಕ’ದ ಸರಾಸರಿಯೂ 1.25 ಬರುತ್ತದೆ. ಎರಡೂ ಒಂದಕ್ಕಿಂತ ಒಂದು ವೇಗವಾಗಿರಲು ಸಾಧ್ಯವೇ? ಸರಾಸರಿಯ ಬದಲು ಎರಡು ಅನುಪಾತಗಳನ್ನು ಗುಣಿಸಿ ವರ್ಗಮೂಲ ತೆಗೆಯಿರಿ. 0.5 ಮತ್ತು 2ರ ಗುಣಲಬ್ಧ 1, ಅದರ ವರ್ಗಮೂಲವೂ 1. ಎರಡೂ ಸಮಾನವೆಂಬ ಸರಿಯಾದ ಉತ್ತರ ಬಂತು. ಇದೇ ಗುಣೋತ್ತರ ಸರಾಸರಿ. ಸ್ಪೆಕ್ ಬಳಸುವುದು ಇದನ್ನೇ.

ಪ್ರಶ್ನೆಪತ್ರಿಕೆ ಮೊದಲೇ ತಿಳಿದರೆ

ಪರೀಕ್ಷೆ ಇದ್ದಲ್ಲಿ ಗೈಡ್ ಇರುತ್ತದೆ. ಇಂಥದೇ ಪ್ರಶ್ನೆ ಬರುತ್ತದೆಂದು ತಿಳಿದರೆ ಅದರ ಉತ್ತರವನ್ನಷ್ಟೇ ಉರುಹೊಡೆದು ಅಂಕ ಗಳಿಸಬಹುದು. ವಿಷಯ ತಿಳಿಯದೆಯೇ ಉಳಿಯಬಹುದು. ಸ್ಪೆಕ್ ಸಂಸ್ಥೆಯ 1989ರ ಮೊದಲ ಸಂಪುಟದಲ್ಲಿ ‘ಮ್ಯಾಟ್ರಿಕ್ಸ್300’ ಎಂಬ ಪರೀಕ್ಷೆ ಇತ್ತು. ಅದರಲ್ಲಿ ಬಹುಪಾಲು ಸಮಯ ಹಿಡಿಯುತ್ತಿದ್ದುದು ಒಂದೇ ಬಗೆಯ ಲೆಕ್ಕ. ತಯಾರಕರು ತಮ್ಮ ಭಾಷಾಂತರಕ ತಂತ್ರಾಂಶಗಳನ್ನು ಆ ಒಂದು ಲೆಕ್ಕಕ್ಕೆ ಒಗ್ಗಿಸಿದಾಗ, ಅದೇ ಯಂತ್ರದ ಅಂಕೆ ಆ ಪರೀಕ್ಷೆಯಲ್ಲಿ ಸುಮಾರು 9 ಪಟ್ಟು ಏರಿದ ಉದಾಹರಣೆ ಗಣಕಶಾಸ್ತ್ರದ ಪಠ್ಯಪುಸ್ತಕಗಳಿಗೂ ಸೇರಿದೆ. 1992ರ ಸಂಪುಟದಲ್ಲಿ ಸ್ಪೆಕ್ ಆ ಪರೀಕ್ಷೆಯನ್ನು ಕೈಬಿಟ್ಟಿತು.

ಮೊಬೈಲುಗಳ ಕಾಲದಲ್ಲಿ ಈ ಚಾಳಿ ಇನ್ನಷ್ಟು ಜಾಣತನ ಕಲಿಯಿತು. 2013ರಲ್ಲಿ ಆನಂದ್‌ಟೆಕ್ ಎಂಬ ಪ್ರಕಟಣೆ ಒಂದು ಸಂಗತಿಯನ್ನು ಬಯಲಿಗೆಳೆಯಿತು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಒಂದು ಮಾದರಿ ಕೆಲವು ಪರೀಕ್ಷಾ ಆ್ಯಪ್‌ಗಳನ್ನು ಹೆಸರಿನಿಂದಲೇ ಗುರುತಿಸಿ, ಆಗ ಮಾತ್ರ ತನ್ನ ಚಿತ್ರ ಬಿಡಿಸುವ ಪ್ರೊಸೆಸರಿನ ಬಡಿತವನ್ನು 480ರಿಂದ 533 ಮೆಗಾಹರ್ಟ್ಸ್‌ಗೆ ಏರಿಸಿಕೊಳ್ಳುತ್ತಿತ್ತು. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಶಾಲೆಗೆ ಸುಣ್ಣ ಬಳಿದಂತೆ! 2022ರಲ್ಲಿ ಅದೇ ಕಂಪನಿಯ ಎಸ್22 ಫೋನುಗಳು ಸಾಮಾನ್ಯ ಆ್ಯಪ್‌ಗಳ ವೇಗವನ್ನು ತಗ್ಗಿಸಿ ಪರೀಕ್ಷಾ ಆ್ಯಪ್‌ಗಳಿಗೆ ಮಾತ್ರ ರಿಯಾಯಿತಿ ಕೊಡುತ್ತಿದ್ದವೆಂದು ತಿಳಿದಾಗ, ಗೀಕ್‌ಬೆಂಚ್ ಸಂಸ್ಥೆ ಅವನ್ನು ತನ್ನ ಅಂಕಪಟ್ಟಿಯಿಂದ ತೆಗೆದುಹಾಕಿತು.

ಮಳೆಯ ಲೆಕ್ಕವೇ ಪರೀಕ್ಷೆ

ಹಾಗಾದರೆ ನಂಬಲರ್ಹವಾದ ಒರೆಗಲ್ಲು ಯಾವುದು? ಮಾಡಬೇಕಾದ ಕೆಲಸವೇ ಅತ್ಯುತ್ತಮ ಒರೆಗಲ್ಲು. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಅದು ಒಕ್ಕಲುತನಕ್ಕೂ ಸಂಬಂಧಿಸಿದ್ದು. ದೆಹಲಿಯ ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರದಲ್ಲಿ ಅಮೆರಿಕದಿಂದ ತಂದ ಕ್ರೇ ಎಕ್ಸ್‌ಎಂಪಿ ಮಹಾಗಣಕ ಮಳೆಯ ಲೆಕ್ಕ ಹಾಕುತ್ತಿತ್ತು. ಆ ಹೊತ್ತಿಗೆ ದೇಶದೊಳಗೂ ಸಮಾಂತರ ಗಣಕಗಳು ಹುಟ್ಟಿದ್ದವು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಪ್ರಯೋಗಾಲಯ 1986ರಲ್ಲಿ ಫ್ಲೋಸಾಲ್ವರ್ ನಿರ್ಮಿಸಿತ್ತು; ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಹೊರತಂದಿತ್ತು; ಭಾಭಾ ಅಣು ಸಂಶೋಧನಾ ಕೇಂದ್ರದ ಅನುಪಮ್ ಕೂಡ ಇತ್ತು. ಪ್ರತಿಯೊಂದೂ ತನ್ನ ಶಕ್ತಿಯನ್ನು ತನ್ನದೇ ಅಂಕೆಗಳಲ್ಲಿ ಹೇಳಿಕೊಳ್ಳಬಹುದಿತ್ತು. ಆದರೆ 1990ರ ದಶಕದಲ್ಲಿ ಇವುಗಳ ಮುಂದಿಟ್ಟ ಪ್ರಶ್ನೆಪತ್ರಿಕೆ ಬೇರೆ. ದೆಹಲಿಯ ಕೇಂದ್ರ ಬಳಸುತ್ತಿದ್ದ ‘ಟಿ-80’ ಎಂಬ ಮುನ್ಸೂಚನೆಯ ಪ್ರೋಗ್ರಾಮನ್ನೇ ಈ ಸ್ವದೇಶಿ ಯಂತ್ರಗಳ ಮೇಲೆ ಓಡಿಸಿ, ಕ್ರೇ ಯಂತ್ರದೊಡನೆ ಹೋಲಿಸಲಾಯಿತು.

ಹವಾಮಾನದ ಲೆಕ್ಕದಲ್ಲಿ ಒಂದು ಪ್ರದೇಶದ ಗಾಳಿ ಪಕ್ಕದ ಪ್ರದೇಶದ ಗಾಳಿಯನ್ನು ಅವಲಂಬಿಸಿರುತ್ತದೆ. ಪ್ರೊಸೆಸರುಗಳು ಕ್ಷಣಕ್ಷಣಕ್ಕೂ ಪರಸ್ಪರ ಮಾಹಿತಿ ಕೊಟ್ಟು ತೆಗೆದುಕೊಳ್ಳುತ್ತ, ಒಂದಕ್ಕಾಗಿ ಒಂದು ಕಾಯಬೇಕಾಗುತ್ತದೆ. ಆದ್ದರಿಂದ ಪ್ರೊಸೆಸರುಗಳನ್ನು ಕೂಡಿಸಿದಂತೆ ಶಕ್ತಿ ಕಾಗದದ ಮೇಲೆ ಬೆಳೆದಷ್ಟು ಕೆಲಸದಲ್ಲಿ ಬೆಳೆಯದು. ಈ ಸತ್ಯವನ್ನು ತೋರಿಸಬಲ್ಲುದು ನಿಜವಾದ ಕೆಲಸದ ಪರೀಕ್ಷೆ ಮಾತ್ರ. ಮೃಗಶಿರಾ ಮಳೆಯನ್ನು ನೋಡಿ ಬಿತ್ತನೆಗೆ ಇಳಿಯುವ ಒಕ್ಕಲಿಗನಿಗೆ ಬೇಕಾದುದು ನಾಳಿನ ಮಳೆಯ ಲೆಕ್ಕ ನಾಳೆ ಬರುವುದಕ್ಕೆ ಮೊದಲು ಮುಗಿಯುವುದು. ಯಂತ್ರದ ಗರಿಷ್ಠ ವೇಗದ ಘೋಷಣೆಯಲ್ಲ.

ಜಗತ್ತಿನ ಮಹಾಗಣಕಗಳ ‘ಟಾಪ್500’ ಪಟ್ಟಿ 1993ರಿಂದ ವರ್ಷಕ್ಕೆ ಎರಡು ಸಲ ಹೊರಬರುತ್ತಿದೆ. 2007ರ ನವೆಂಬರಿನಲ್ಲಿ ಪುಣೆಯ ‘ಏಕ’ ಗಣಕ ಅದರಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ನಾಡೆಲ್ಲ ಹೆಮ್ಮೆಪಟ್ಟಿತು. ಈ ಪಟ್ಟಿಗೆ ಆಧಾರ ಜ್ಯಾಕ್ ಡೊಂಗಾರಾ ರೂಪಿಸಿದ ‘ಲಿನ್‌ಪ್ಯಾಕ್’ ಪರೀಕ್ಷೆ. ಹತ್ತನೆಯ ತರಗತಿಯ ಬೀಜಗಣಿತದಲ್ಲಿ ಮಕ್ಕಳು ಎರಡು ಸಮೀಕರಣಗಳಿಂದ ಎಕ್ಸ್ ಮತ್ತು ವೈ ಬೆಲೆ ಕಂಡುಹಿಡಿಯುತ್ತಾರಲ್ಲ, ಅದನ್ನೇ ಲಕ್ಷಾಂತರ ಸಮೀಕರಣಗಳಿಗೆ ಹಿಗ್ಗಿಸಿದ ಕೆಲಸ ಅದು. ಮಾಹಿತಿ ತರುವುದಕ್ಕಾಗಿ ಹೆಚ್ಚು ಕಾಯಬೇಕಾದ ಲೆಕ್ಕಗಳನ್ನು ಕೊಡುವ ಇನ್ನೊಂದು ಪರೀಕ್ಷೆ ‘ಎಚ್‌ಪಿಸಿಜಿ’. 2022ರ ನವೆಂಬರಿನಲ್ಲಿ ಲಿನ್‌ಪ್ಯಾಕ್ ಪ್ರಕಾರ ಅಮೆರಿಕದ ಫ್ರಾಂಟಿಯರ್ 1102 ಪೆಟಾಫ್ಲಾಪ್, ಜಪಾನಿನ ಫುಗಾಕು 442. ಫ್ರಾಂಟಿಯರ್ ಎರಡೂವರೆ ಪಟ್ಟು ಮುಂದೆ. ಎಚ್‌ಪಿಸಿಜಿ ಪ್ರಕಾರ ಫುಗಾಕು 16, ಫ್ರಾಂಟಿಯರ್ 14; ಈಗ ಫುಗಾಕು ಮುಂದೆ. ಯಂತ್ರಗಳು ಅವೇ, ಪ್ರಶ್ನೆಪತ್ರಿಕೆ ಬದಲಾದುದರಿಂದ ಕ್ರಮಾಂಕ ತಿರುವುಮುರುವಾಯಿತು.

ಅಂಗಡಿಯಲ್ಲಿ ಮಾಡಬೇಕಾದುದು

ಇನ್ನು ಅಂಗಡಿಯ ಮೇಜಿನ ಮೇಲಿರುವ ಎರಡು ಲ್ಯಾಪ್‌ಟಾಪುಗಳ ಬಳಿಗೆ ಬರೋಣ. ಮೊದಲು ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಕೇಳಿರಿ. ‘ಐ7-2620ಎಂ’ ಎಂದಿದ್ದರೆ ಅಡ್ಡಗೆರೆಯ ಮುಂದಿನ 2 ಎಂಬುದು ಎರಡನೆಯ ಪೀಳಿಗೆಯ ಸೂಚನೆ; ಅದು 2011ರ, ಎರಡೇ ಕೋರುಗಳ ಪ್ರೊಸೆಸರು. ‘ಐ3-1215ಯು’ ಎಂದಿದ್ದರೆ 12ನೆಯ ಪೀಳಿಗೆ. 2022ರದು, ಆರು ಕೋರುಗಳದು. ಯಾವ ಪ್ರಮಾಣಿತ ಪರೀಕ್ಷೆಯಲ್ಲಿ ನೋಡಿದರೂ ಈ ಐ3 ಆ ಐ7ನ್ನು ಬಹಳ ಹಿಂದೆ ಬಿಡುತ್ತದೆ. ಏಳು, ಮೂರು ಎಂಬವು ಒಂದೇ ಪೀಳಿಗೆಯೊಳಗಿನ ಮೇಲು-ಕೆಳಗು ಮಾತ್ರ. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನ ಎರಡನೆಯ ಪೀಳಿಗೆಯ ಪ್ರೊಸೆಸರುಗಳು ಅಧಿಕೃತವಾಗಿ ಸಲ್ಲುವುದಿಲ್ಲ.

ಎರಡನೆಯದಾಗಿ, ಗೀಕ್‌ಬೆಂಚ್‌ನಂಥ ಪರೀಕ್ಷೆಯ ಅಂಕೆ ನೋಡುವಾಗ ಎರಡು ಯಂತ್ರಗಳಿಗೂ ಒಂದೇ ಆವೃತ್ತಿಯ ಅಂಕೆಯನ್ನು ನೋಡಿರಿ. ಗೀಕ್‌ಬೆಂಚ್ 5ರಲ್ಲಿ ಐ3-8100 ಪ್ರೊಸೆಸರನ್ನು 1000 ಎಂದು ಹಿಡಿದಿದ್ದರು. 6ರಲ್ಲಿ ಐ7-12700 ಪ್ರೊಸೆಸರನ್ನು 2500 ಎಂದು ಹಿಡಿದರು. ಒಂದರ ಅಂಕೆಯನ್ನು ಇನ್ನೊಂದರ ಎದುರು ಇಡುವುದೆಂದರೆ ಕಚ್ಚಾ ಸೇರನ್ನು ಪಕ್ಕಾ ಸೇರಿಗೆ ಹೋಲಿಸಿದಂತೆ. ಗಡಿಯ ಮನೆಗಳಿಗೆ ಈ ತೊಡಕು ಹೊಸದಲ್ಲ. ಭಾಲ್ಕಿಯ ಸೋದರಮಾವನ ಮಗಳು 625ಕ್ಕೆ ಪಡೆದ ಅಂಕಗಳನ್ನು, ನಿಲಂಗಾದ ನಮ್ಮ ಹುಡುಗ 500ಕ್ಕೆ ಪಡೆದ ಅಂಕಗಳನ್ನು ಪ್ರತಿಶತಕ್ಕೆ ತಂದರೂ ಪ್ರಶ್ನೆಪತ್ರಿಕೆ ಒಂದಾಗುವುದಿಲ್ಲ. ಒಂಟಿ ಕೋರಿನ ಅಂಕೆ, ಎಲ್ಲ ಕೋರುಗಳ ಅಂಕೆ ಎಂದು ಎರಡಿರುತ್ತವೆ. ಬರವಣಿಗೆ, ಓದು, ಅಂತರಜಾಲದ ಕೆಲಸಕ್ಕೆ ಮೊದಲನೆಯದು ಹೆಚ್ಚು ಮುಖ್ಯ. ವಿಡಿಯೊ ಸಂಕಲನದಂಥ ಕೆಲಸಕ್ಕೆ ಎರಡನೆಯದು.

ಮೂರನೆಯದೇ ನಿಜವಾದ ಒರೆಗಲ್ಲು. ಸ್ಪೆಕ್ ಸಂಪುಟದ 43 ಪರೀಕ್ಷೆಗಳಲ್ಲಿ ಚದುರಂಗವಿದೆ, ಸುಡೊಕು ಇದೆ. ಕನ್ನಡದ ಪುಟವೊಂದನ್ನು ತೆರೆಯುವ ಕೆಲಸವಿಲ್ಲ. ನಮ್ಮ ಮಕ್ಕಳು ಮಾಡುವ ಕೆಲಸವನ್ನು ನಾವೇ ಪರೀಕ್ಷೆಯಾಗಿ ಒಯ್ಯಬೇಕು. ಬಾಲಭಾರತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕದ ಪಿಡಿಎಫ್ ಕಡತವನ್ನೂ ಕನ್ನಡದಲ್ಲಿ ಬರೆದ ಐವತ್ತು ಪುಟದ ಕಡತವನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಹೋಗಿರಿ. ಎರಡು ಯಂತ್ರಗಳಲ್ಲಿಯೂ ಅವನ್ನು ತೆರೆಯಿರಿ, ನಡುವೆ ಒಂದು ಪುಟ ಸೇರಿಸಿರಿ, ಜೊತೆಗೆ ಒಂದು ಪಾಠದ ವಿಡಿಯೊ ಓಡಲಿ. ಫೋನಿನ ಗಡಿಯಾರದಲ್ಲಿ ಸಮಯ ಬರೆದುಕೊಳ್ಳಿರಿ. ಚಾರ್ಜರ್ ಎರಡಕ್ಕೂ ಹಚ್ಚಿರಬೇಕು, ಇಲ್ಲವೆ ಎರಡಕ್ಕೂ ತೆಗೆದಿರಬೇಕು. ಇಪ್ಪತ್ತು ನಿಮಿಷ ಬಿಡದೆ ಓಡಿಸಿರಿ. ಮೊದಲ ಎರಡು ನಿಮಿಷ ಜಿಗಿದಾಡಿ ಆಮೇಲೆ ಕಾವೇರಿ ಕುಂಟುವ ಯಂತ್ರಗಳು ಉಂಟು. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಒಳ್ಳೆಯ ಪ್ರೊಸೆಸರು ಕೂಡ ಕಾಯುತ್ತ ಕೂರುತ್ತದೆ. ಎಸ್‌ಎಸ್‌ಡಿ ಇದೆಯೇ, ರ್‍ಯಾಮ್ ಎಷ್ಟು ಎಂಬುದನ್ನೂ ಕೇಳಿರಿ. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬರಲು ಸಂಕೋಚ ಬೇಡ. ಒರೆಗೆ ಹಚ್ಚಲು ಬಿಡದ ಬಂಗಾರವನ್ನು ಯಾರೂ ಕೊಳ್ಳುವುದಿಲ್ಲ.

ಹೈಸ್ಕೂಲಿನ ಮಕ್ಕಳಿಗೆ ಈ ವಾರದ ಅಭ್ಯಾಸ ಇಷ್ಟು. ಶಾಲೆಯ ಗಣಕ ಕೋಣೆಯಲ್ಲಿ ಗುರುಗಳ ಅನುಮತಿ ಪಡೆದು ಎರಡು ಗಣಕಗಳನ್ನು ಆರಿಸಿರಿ. ಮೂರು ಕೆಲಸಗಳನ್ನು ಗೊತ್ತುಮಾಡಿರಿ. ಪ್ರತಿಯೊಂದನ್ನೂ ಮೂರು ಸಲ ಮಾಡಿ ನಡುವಿನ ಸಮಯವನ್ನು ಪಟ್ಟಿಯಲ್ಲಿ ಬರೆಯಿರಿ. ಒಂದು ಗಣಕಕ್ಕೆ ಹೋಲಿಸಿ ಇನ್ನೊಂದರ ಮೂರು ಅನುಪಾತಗಳನ್ನು ತೆಗೆದು, ಮೂರನ್ನೂ ಗುಣಿಸಿ ಘನಮೂಲ ಕಂಡುಹಿಡಿಯಿರಿ. ಪಟ್ಟಿಯ ಕೆಳಗೆ ಯಾವ ಕೆಲಸ, ಯಾವ ಗಣಕಕ್ಕೆ ಹೋಲಿಸಿದ್ದು, ಯಾರು ಅಳೆದದ್ದು ಎಂಬುದನ್ನು ತಪ್ಪದೆ ಬರೆಯಿರಿ. ಈ ಮೂರು ಸಾಲು ಇಲ್ಲದ ಅಂಕೆಯನ್ನು ಅಂಗಡಿಯಲ್ಲಿಯೂ ಜಾಹೀರಾತಿನಲ್ಲಿಯೂ ನಂಬದಿರುವುದನ್ನು ಕಲಿತರೆ ಆ ದಿನದ ಪಾಠ ಸಾರ್ಥಕ.